ಮೀಸೆಯ ಮತ್ಸ್ಯಕನ್ಯೆ

ಆನೆ ಅಲುಗಾಡದೆ ನಿಂತರೆ ಸಾಕು, ಆನೆಗೂ ಗವಸು ಹೊಲಿದುಕೊಟ್ಟೇನು! ಇಪ್ಪತ್ತು ವರ್ಷದಿಂದ ಸೋಫಾಗಳಿಗೆ ಬಟ್ಟೆ ಹೊದಿಸುತ್ತಿರುವ ನನಗೆ ಒಂದು ಮೀನಿನ ಬಾಲ ಯಾವ ಲೆಕ್ಕ? ಹೀಗೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ. ಹೆಂಡತಿ ಪಾತ್ರೆ ಒರೆಸುತ್ತಿದ್ದಳು. ಚಪ್ಪಾಳೆಯೇನೂ ಬೀಳಲಿಲ್ಲ.

ವಿಷಯ ಇಷ್ಟು. ಅವಳು ಗ್ರಂಥಾಲಯದಲ್ಲಿ ಮಕ್ಕಳ ಕೋಣೆ ನೋಡಿಕೊಳ್ಳುತ್ತಾಳೆ, ಪ್ರತಿ ಶನಿವಾರ ಹನ್ನೊಂದು ಗಂಟೆಗೆ ಅಲ್ಲಿ ಕಥೆ ಹೇಳುತ್ತಾಳೆ. ಹಿಂದಿನ ಶನಿವಾರ ಕೇಳಲು ಬಂದ ಮಕ್ಕಳು ನಾಲ್ಕು. ಅದರಲ್ಲಿ ಒಂದು ನಮ್ಮದೇ. ಮೇಲಧಿಕಾರಿ ಬಂದು ನೋಡಿ, ಈ ವಾರ ಇಪ್ಪತ್ತು ಮಕ್ಕಳಾದರೂ ಸೇರದಿದ್ದರೆ ಕೋಣೆ ಮುಚ್ಚಿ ಅಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಪೇರಿಸುವುದೇ ಸರಿ ಎಂದು ಹೇಳಿ ಹೋಗಿದ್ದರು. ಒಂಬತ್ತು ವರ್ಷದ ಹಿಂದೆ ಅವಳೇ ಏಣಿ ಹತ್ತಿ ಗೋಡೆಗೆ ಬಣ್ಣ ಬಳಿದ ಕೋಣೆ ಅದು. ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಎದ್ದವಳೇ, ತಾನು ಮತ್ಸ್ಯಕನ್ಯೆಯ ವೇಷ ಹಾಕಿ ಕಥೆ ಹೇಳುವುದಾಗಿ ಪ್ರಕಟಿಸಿದಳು.

ನನಗೆ ವೇಷ ಒಪ್ಪಿಗೆಯಾಯಿತು, ಕಥೆ ಒಪ್ಪಿಗೆಯಾಗಲಿಲ್ಲ. ಕಥೆಯ ಹೆಣ್ಣು ಎಂದಮೇಲೆ ಒಂದೋ ನೂರು ವರ್ಷ ಮಲಗಿರಬೇಕು, ಇಲ್ಲ ಗೋಪುರದ ಕಿಟಕಿಯಲ್ಲಿ ಕಾಯುತ್ತಿರಬೇಕು, ಅದೂ ಇಲ್ಲದಿದ್ದರೆ ಬಂಡೆಯ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿರಬೇಕು. ಇದು ನನ್ನ ಸಿದ್ಧಾಂತ. ಅವಳು ಬರೆದ ಕಥೆಯಲ್ಲೋ, ಮತ್ಸ್ಯಕನ್ಯೆಗೆ ನೌಕರಿ! ಹಡಗುಗಳಿಗೆ ನೀರಿನಡಿಯ ಬಂಡೆ ತಪ್ಪಿಸಿ ದಾರಿ ತೋರಿಸುತ್ತಾಳಂತೆ. ಮುಳುಗುತ್ತಿದ್ದ ರಾಜಕುಮಾರನನ್ನು ದಡಕ್ಕೆ ಎಳೆದುಹಾಕಿ, ಅವನು ಕಣ್ಣು ಬಿಡುವ ಮೊದಲೇ ಮುಂದಿನ ಹಡಗಿಗೆ ಹೊತ್ತಾಯಿತೆಂದು ಹೊರಟುಬಿಡುತ್ತಾಳಂತೆ.

"ಮತ್ಸ್ಯಕನ್ಯೆಗೆ ಕೆಲಸ ಯಾಕೇ? ಚೆನ್ನಾಗಿ ಕಾಣಿಸ್ಕೊಂಡು ಸುಮ್ನೆ ಕೂತಿದ್ರೆ ಸಾಕು" ಎಂದೆ.

"ಕೂತು ನೋಡಿದೋರಿಗೆ ಗೊತ್ತು ಅದು ಎಷ್ಟು ಸಾಕು ಅಂತ" ಎಂದಳು. "ಕೆಳಗಡೆ ಪಾದ ಹೊರಗೆ ಬರೋ ಹಾಗೆ ಬಿಡಿ. ನಾನು ಓಡಾಡ್ಕೊಂಡು ಕಥೆ ಹೇಳ್ಬೇಕು."

ಮೂರು ದಿನ ಮನೆಯ ಹೊಲಿಗೆಯಂತ್ರದ ಮುಂದೆ ತಪಸ್ಸು. ಯಾರದೋ ದಿವಾನ್ ಮಂಚಕ್ಕೆ ತರಿಸಿ ಉಳಿದಿದ್ದ ಹಸಿರು ವೆಲ್ವೆಟ್ಟು, ರೆಕ್ಕೆಗೆ ಎರಡಂಗುಲದ ಫೋಮು, ಅಂಚಿಗೆಲ್ಲ ಹುರಿ ತುಂಬಿದ ಪೈಪಿಂಗು ಪಟ್ಟಿ. ಟೇಪು ಮುಟ್ಟಲಿಲ್ಲ. ಕಟ್ಟಿಕೊಂಡವಳ ಅಳತೆ ಕಣ್ಣಿಗೆ ಗೊತ್ತಿರಬೇಡವೇ? ಪಾದದ ಕಿಂಡಿಯ ಹತ್ತಿರ ಬಂದಾಗ ಮಾತ್ರ ನನ್ನೊಳಗಿನ ಕಲಾವಿದ ಹಟ ಹಿಡಿದ. ಮೀನಿಗೆಲ್ಲಿಯ ಪಾದ? ಕಿಂಡಿ ಬಿಟ್ಟರೆ ಬಾಲದ ಅಂದವೆಲ್ಲ ಮಣ್ಣುಪಾಲು! ಎರಡು ಸುತ್ತು ಗಟ್ಟಿ ಹೊಲಿಗೆ ಹಾಕಿ ಮುಚ್ಚಿಬಿಟ್ಟೆ. ಅವಳಿಗೆ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೇ ಅವಳು ಗ್ರಂಥಾಲಯಕ್ಕೆ ಹೋದಳು. ಮಕ್ಕಳ ಕೋಣೆಯ ಹರಿದ ಸೋಫಾಕ್ಕೂ ನಾನೇ ಹೊಸ ಬಟ್ಟೆ ಹೊದಿಸಿದ್ದೆ, ಅದು ನಮ್ಮ ಹಜಾರದಲ್ಲೇ ಇತ್ತು. ಹತ್ತು ಗಂಟೆಗೆ ವ್ಯಾನಿನವನು ಬಂದು ಸೋಫಾವನ್ನೂ ಬಾಲವನ್ನೂ ಒಯ್ಯುವುದೆಂದು ಮಾತಾಗಿತ್ತು. ಒಂಬತ್ತೂವರೆಗೆ ನನಗೊಂದು ಅನುಮಾನ ಹುಟ್ಟಿತು. ಸೊಂಟದ ಹತ್ತಿರ ಸರಿಯಾಗಿ ಕೂರುತ್ತದೋ ಇಲ್ಲವೋ? ನಾನು ಕಡ್ಡಿಪೈಲ್ವಾನ್, ಹೆಂಡತಿಯದೂ ನನ್ನದೂ ಒಂದೇ ಗಾತ್ರ. ಪ್ಯಾಂಟಿನ ಸಮೇತ ಬಾಲದೊಳಗೆ ಇಳಿದು, ಸೋಫಾದ ಮೇಲೆ ಕೂತು, ಬೆನ್ನ ಹಿಂದಿನ ಜಿಪ್ ಎಳೆದೆ. ಎರಕ ಹೊಯ್ದ ಹಾಗೆ ಕೂತಿತು.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ದಿಂಬಿಗೆ ಗವಸು ತೊಡಿಸಿ ಜಿಪ್ ಎಳೆದ ಮೇಲೆ ಅದರ ಹಿಡಿಯನ್ನು ಇಕ್ಕಳದಿಂದ ಮುರಿದು, ಜಿಪ್ಪಿನ ತಲೆಯನ್ನು ಬಟ್ಟೆಯ ಮಡಿಕೆಯೊಳಗೆ ತುರುಕುತ್ತೇವೆ. ಇಲ್ಲದಿದ್ದರೆ ಗಿರಾಕಿಗಳ ಮಕ್ಕಳು ಎರಡೇ ದಿನದಲ್ಲಿ ಒಳಗಿನ ಫೋಮನ್ನು ಬೀದಿಗೆ ತರುತ್ತವೆ. ಇಪ್ಪತ್ತು ವರ್ಷ ಇದನ್ನೇ ಮಾಡಿದ ಕೈ ತಲೆಯನ್ನು ಕೇಳುತ್ತದೆಯೇ? ಪಕ್ಕದಲ್ಲಿದ್ದ ಇಕ್ಕಳ ತೆಗೆದುಕೊಂಡಿತು, ಬೆನ್ನ ಹಿಂದೆ ಹೋಯಿತು, ಟಕ್ಕೆಂದು ಮುರಿಯಿತು, ತುರುಕಿತು. ಈ ಸಲ ಒಳಗಿರುವ ಫೋಮು ನಾನೇ ಎಂದು ತಿಳಿದದ್ದು ಆಮೇಲೆ!

ಬಿಡಿಸಲು ನನ್ನ ಹತ್ತಿರ ಒಂದು ಸಣ್ಣ ಕೊಕ್ಕೆ ಇದೆ. ಕೊಕ್ಕೆ ಅಂಗಡಿಯಲ್ಲಿದೆ. ಅಂಗಡಿಯ ಬೀಗದಕೈ ಪ್ಯಾಂಟಿನ ಜೇಬಿನಲ್ಲಿದೆ. ಪ್ಯಾಂಟು ಬಾಲದೊಳಗಿದೆ.

ಮಗಳನ್ನು ಕರೆದೆ. ವಯಸ್ಸು ಒಂಬತ್ತು, ಮನೆಯಲ್ಲಿ ಅವಳ ಅಡ್ಡಹೆಸರು ಪ್ರಶ್ನೆಪತ್ರಿಕೆ. ಇಕ್ಕಳದ ದಪ್ಪ ಮೂತಿ ಮಡಿಕೆಯೊಳಗೆ ಹೋಗಲಿಲ್ಲ, ಅವಳ ಉಗುರಿಗೂ ಜಿಪ್ಪಿನ ತಲೆ ಸಿಗಲಿಲ್ಲ. ಕತ್ತರಿ ತರಲೇ ಎಂದಳು. ಕತ್ತರಿಸಿದರೆ ನಾನು ಬದುಕುತ್ತಿದ್ದೆ, ಬಾಲ ಸಾಯುತ್ತಿತ್ತು. ಆ ವೆಲ್ವೆಟ್ಟು ಒಂದು ಗೇಣೂ ಉಳಿದಿರಲಿಲ್ಲ. ಬಾಲವಿಲ್ಲದಿದ್ದರೆ ಮತ್ತೆ ಅದೇ ನಾಲ್ಕು ಮಕ್ಕಳು, ಕೋಣೆಗೆ ಬೀಗ. ಬೇಡ ಎಂದೆ. ಅಮ್ಮನಿಗೆ ಫೋನ್ ಮಾಡಿಸಿದೆ. ಗ್ರಂಥಾಲಯದಲ್ಲಿ ಫೋನಿನ ಬಾಯಿ ಕಟ್ಟಿಡುತ್ತಾರೆ, ಅವಳು ಎತ್ತಲಿಲ್ಲ. ಕುಪ್ಪಳಿಸಿಕೊಂಡು ಬಾಗಿಲವರೆಗಾದರೂ ಹೋಗೋಣವೆಂದು ಎದ್ದೆ. ಒಂದೇ ನೆಗೆತಕ್ಕೆ ನೆಲ ಹಿಡಿದೆ.

"ಅಪ್ಪ, ಮತ್ಸ್ಯಕನ್ಯೆ ಬಚ್ಚಲಿಗೆ ಹೇಗೆ ಹೋಗ್ತಾಳೆ?" ಪ್ರಶ್ನೆಪತ್ರಿಕೆ ಕೇಳಿತು.

"ಹೋಗಲ್ಲಮ್ಮ."

"ಮತ್ತೆ?"

"ತಡ್ಕೋತಾಳೆ."

ನಾನೂ ಅದನ್ನೇ ಮಾಡುತ್ತಿದ್ದೆ.

ಹತ್ತಕ್ಕೆ ವ್ಯಾನಿನವನು ತನ್ನ ಭಾವಮೈದುನನ ಜೊತೆ ಬಂದ. ಸೋಫಾ ನೋಡಿದ, ನೆಲದ ಮೇಲೆ ನನ್ನನ್ನು ನೋಡಿದ.

"ಅಣ್ಣ, ಬಾಲ ಎಲ್ಲಿ?"

"ಇದೇ."

"ಅದರೊಳಗೆ ನೀವ್ಯಾಕೆ?"

ವಿವರಿಸಿದೆ. ಅವನು ನಗಲಿಲ್ಲ. ಭಾರ ಹೊರುವವರು ಹೊರುವ ಮೊದಲು ನಗುವುದಿಲ್ಲ. ಇಬ್ಬರೂ ಸೇರಿ ನನ್ನನ್ನು ಎತ್ತಿ ಸೋಫಾದ ಮೇಲೆ ಮಲಗಿಸಿ, ತಲೆಯ ಕಡೆ ಒಬ್ಬ, ಬಾಲದ ಕಡೆ ಒಬ್ಬ ಹಿಡಿದು, ಬಾಗಿಲಲ್ಲಿ ಅಡ್ಡ ತಿರುಗಿಸಿ ಹೊರಗೆ ತಂದರು. ಗೋಡೆಗೆ ಉಜ್ಜದ ಹಾಗೆ ನೋಡ್ಕೊಳ್ರಪ್ಪ ಎಂದು ಇಪ್ಪತ್ತು ವರ್ಷದಿಂದ ಅವರಿಗೆ ಹೇಳುತ್ತಿದ್ದವನು ನಾನೇ. ಅಂದು ಅದನ್ನು ಮಗಳು ಹೇಳಿದಳು.

ತೆರೆದ ವ್ಯಾನು. ಹಳದಿ ಸೋಫಾ. ಅದರ ಮೇಲೆ ಒರಗಿದ ಹಸಿರು ಮತ್ಸ್ಯಕನ್ಯೆ, ಮೂಗಿನ ಕೆಳಗೆ ಪೊದೆಯಂಥ ಮೀಸೆ! ಬೀದಿಯೇ ನಿಂತು ನೋಡಿತು. ಕ್ಷೌರದಂಗಡಿಯಿಂದ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡವನು ಹೊರಗೆ ಬಂದ. ಎಲ್ಲರೂ ನನ್ನನ್ನು ನೋಡುತ್ತಿದ್ದರು, ಯಾರೂ ನನ್ನನ್ನು ಏನೂ ಕೇಳಲಿಲ್ಲ. ಹೀಗೆ ನೋಡಿಸಿಕೊಳ್ಳುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಇಳಿದು ಓಡಲು ಕಾಲು ಬೇಕು, ಆ ಕಾಲನ್ನು ನಾನೇ ಎರಡು ಸುತ್ತು ಹೊಲಿದು ಮುಚ್ಚಿದ್ದೆ. ಆಟದ ಮೈದಾನದ ಹತ್ತಿರ ಬಂದಾಗ ಎರಡು ತಂಡದ ಮಕ್ಕಳೂ ಚೆಂಡು ಬಿಟ್ಟು ವ್ಯಾನಿನ ಹಿಂದೆ ಓಡತೊಡಗಿದವು. ಎಲ್ಲಿಗೆ ಎಂದು ಕೇಳಿದ ಮಕ್ಕಳಿಗೆ, ವ್ಯಾನಿನಲ್ಲಿ ನನ್ನ ಪಕ್ಕ ಕೂತಿದ್ದ ಪ್ರಶ್ನೆಪತ್ರಿಕೆ ಮೊದಲ ಬಾರಿಗೆ ಉತ್ತರ ಕೊಟ್ಟಿತು.

ಗ್ರಂಥಾಲಯದ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳ ಹಿಂದೆ ಮೇಲಧಿಕಾರಿ. ನಾನು ಬಾಯಿ ತೆರೆದೆ. ಅವಳು ಬಾಲದ ತುದಿ ನೋಡಿದಳು, ಇಲ್ಲದ ಕಿಂಡಿ ನೋಡಿದಳು, ಬಗ್ಗಿ ನನ್ನ ಬೆನ್ನ ಹಿಂದೆ ನೋಡಿದಳು, ನನ್ನ ಹಿಂದಿದ್ದ ಮಕ್ಕಳ ಸಾಲನ್ನು ನೋಡಿದಳು.

"ಒಂದು ಮಾತೂ ಆಡ್ಬೇಡಿ" ಎಂದಳು, ಮೆಲ್ಲಗೆ.

ಸೋಫಾ ಸಮೇತ ನನ್ನನ್ನು ಮಕ್ಕಳ ಕೋಣೆಯಲ್ಲಿ ಇಳಿಸಿದರು, ಕಥೆ ಶುರುವಾಯಿತು. ಮತ್ಸ್ಯಕನ್ಯೆ ಬೆಳಿಗ್ಗೆ ಹಡಗುಗಳಿಗೆ ದಾರಿ ತೋರಿಸಲು ಹೊರಟರೆ ಬರುವುದು ಸಂಜೆಯೇ. ಅಲ್ಲಿಯವರೆಗೆ ಅವಳ ಗಂಡ ಬಂಡೆಯ ಮೇಲೆ ಕೂತು ಕಾಯುತ್ತಾನೆ. ಇದೇ ನೋಡಿ ಆ ಗಂಡ ಎಂದು ನನ್ನನ್ನು ತೋರಿಸಿ, ಕೈಗೊಂದು ಬಾಚಣಿಗೆ ಕೊಟ್ಟಳು. ಅವನೇನು ಕೆಲಸ ಮಾಡ್ತಾನೆ ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು. ತಲೆ ಬಾಚ್ಕೋತಾನೆ ಎಂಬ ಉತ್ತರ ಬಂತು. ನಲವತ್ತು ನಿಮಿಷ ಬಾಚಿಕೊಂಡೆ. ಮಧ್ಯೆ ಮೀಸೆಯನ್ನೂ ಬಾಚಿಕೊಂಡೆ, ಆಗ ಮಕ್ಕಳು ನೆಲಕ್ಕೆ ಬಿದ್ದು ನಕ್ಕವು. ಮೇಲಧಿಕಾರಿ ಎರಡು ಸಲ ಎಣಿಸಿದರು. ಮೂವತ್ತೇಳು. ಕೋಣೆ ಮುಚ್ಚುವ ಮಾತು ಬಿಟ್ಟು, ಮುಂದಿನ ವಾರ ಇನ್ನೊಂದಿಷ್ಟು ಚಾಪೆ ತರಿಸುತ್ತೇನೆ ಎಂದು ಹೇಳಿ ಹೋದರು. ನನಗೆ ನಿಜಕ್ಕೂ ಸಂತೋಷವಾಯಿತು. ಮೈಯೆಲ್ಲ ನಾಚಿಕೆಯೂ ಇತ್ತು, ಮೂತ್ರವೂ ತಡೆಯುವಂತಿರಲಿಲ್ಲ.

ಮಕ್ಕಳೆಲ್ಲ ಹೋದ ಮೇಲೆ ಅವಳು ಮೇಜಿನ ಮೇಲಿನ ಕಾಗದಗಳಿಂದ ಒಂದು ಕ್ಲಿಪ್ ಕಿತ್ತು, ತುದಿ ನೆಟ್ಟಗೆ ಮಾಡಿ, ಮಡಿಕೆಯೊಳಗೆ ಹಾಕಿ ಎಳೆದಳು. ಸರ್ರನೆ ಜಿಪ್ ಬಿಚ್ಚಿತು. ನನ್ನ ಇಪ್ಪತ್ತು ವರ್ಷದ ಕಸುಬು ಒಂದು ಕ್ಲಿಪ್ಪಿಗೆ ಸಮವಾಯಿತು.

"ಇದು ನಿಂಗೆ ಯಾವಾಗ ಹೊಳೀತು?"

"ಬಾಗಿಲಲ್ಲಿ, ನಿಮ್ಮ ಬೆನ್ನು ನೋಡಿದ ತಕ್ಷಣ."

"ಮತ್ತೆ ಆಗಲೇ ಯಾಕೆ ಬಿಚ್ಚಲಿಲ್ಲ?"

ಅವಳು ಬಾಲವನ್ನು ನೀಟಾಗಿ ಮಡಿಚಿ, ಮುಂದಿನ ಶನಿವಾರಕ್ಕೆಂದು ಕಪಾಟಿನಲ್ಲಿ ಇಟ್ಟಳು.

"ಬಿಚ್ಚಿ ಏನು ಕೆಲಸ ಇತ್ತು ನಿಮಗೆ? ಚೆನ್ನಾಗಿ ಕಾಣಿಸ್ಕೊಂಡು ಸುಮ್ನೆ ಕೂತಿದ್ರೆ ಸಾಕಿತ್ತಲ್ಲ!"