ಅಪ್ಪನ ಗಾಡಿಗೊಂದು ಸದ್ದು

ನಲ್ಲಿಯಲ್ಲಿ ನೀರು ಬಂದ ದಿನ ಬಸವಕಿರಣನಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಆ ಭಾನುವಾರ ಬೆಳಿಗ್ಗೆಯೂ ಲುಂಗಿ ಎತ್ತಿ ಕಟ್ಟಿ, ಪೈಪನ್ನು ಡ್ರಮ್ಮಿಗೆ ಇಳಿಬಿಟ್ಟು ನಿಂತಿದ್ದ. ಪಿ.ಜೆ. ಬಡಾವಣೆಯ ಆ ವಠಾರದಲ್ಲಿ ಮೂರು ಮನೆ, ಒಂದೇ ನಲ್ಲಿ. ಮಕ್ಕಳೆಲ್ಲ ತಾತ ಎನ್ನುವ ಮುಂದಿನ ಮನೆಯ ಮಾಲತೇಶಪ್ಪನವರು ಆ ನಲ್ಲಿಗೆ ಯಾರೂ ನೇಮಿಸದ ಅಧಿಕಾರಿ. ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಕಚೇರಿ ಅದೊಂದೇ. ವಾಲ್ವ್ ತಿರುಗಿಸುವ ಕಬ್ಬಿಣದ ಸರಳನ್ನು ರಾಜದಂಡದ ಹಾಗೆ ಹಿಡಿದುಕೊಂಡೇ ಓಡಾಡುತ್ತಿದ್ದರು.

"ಡ್ರಮ್ ಇಡಾಕ ಜಾಗ ಇಲ್ಲ, ಗಾಡಿ ಹೊರಗ ಹಾಕ್ರಿ!" ಎಂದವರೇ, ಉತ್ತರಕ್ಕೂ ಕಾಯದೆ ವಠಾರದ ಎರಡು ಬೈಕುಗಳನ್ನೂ ತಾವೇ ದೂಡಿ ಬೀದಿಗೆ ನಿಲ್ಲಿಸಿದರು. ಒಂದು ಅವರದು, ಇನ್ನೊಂದು ಕಿರಣನದು. ಅರ್ಧ ದಾವಣಗೆರೆ ಓಡಿಸುವ ಅದೇ ಕರಿ ಬೈಕು ಎರಡೂ.

ಅಷ್ಟರಲ್ಲಿ ಮುಂದಿನ ರಸ್ತೆಯಲ್ಲಿ ಗುಡುಗು ಉರುಳಿದಂತೆ ಒಂದು ಸದ್ದು ಹಾದುಹೋಯಿತು. ಬಾಯಿ ತುಂಬ ಪೇಸ್ಟಿನ ನೊರೆ ತುಂಬಿಕೊಂಡೇ ಏಳು ವರ್ಷದ ಅಂಕಿತಾ ಹೊರಗೆ ಓಡಿಬಂದಳು.

"ಬುಷ್ರಾನ ಪಪ್ಪಾ ಹೋದ್ರು!"

"ನೋಡಿದ್ಯಾ?"

"ನೋಡೋದ್ಯಾಕ? ಸದ್ದು ಕೇಳಿದ್ರ ಗೊತ್ತಾಗ್ತೈತೆ. ಸ್ಕೂಲ್ ಬಿಟ್ಟಾಗ ಬುಷ್ರಾ ತಿರುವಿನಾಗ ಸದ್ದು ಕೇಳಿದ ಕೂಡ್ಲೆ ಬ್ಯಾಗ್ ಹಾಕ್ಕಂತಾಳೆ. ನಿನ್ನ ಗಾಡಿ ಬಂದಿದ್ದು ನಂಗ ಗೊತ್ತಾಗದೇ ಇಲ್ಲಪ್ಪ. ಮೊನ್ನೆ ನೀ ಬರ್ಲಿಲ್ಲ ಅಂತ ನಾ ಅಳ್ತಾ ನಿಂತಿದ್ದೆ, ನೀ ಹಿಂದೇನೇ ಇದ್ದಿ."

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಬಾಯಿ ಮುಕ್ಕಳಿಸಿ ಒಳಗೆ ಹೋದಳು. ಕಿರಣ ಮಾತ್ರ ಅವಳು ಹೋದ ಬಾಗಿಲನ್ನೇ ನೋಡುತ್ತ ನಿಂತ. ಡ್ರಮ್ಮು ತುಂಬಿ, ನೀರು ಅಂಗಳವೆಲ್ಲ ಹರಿದು, ಮಾಲತೇಶಪ್ಪನವರ ಚಪ್ಪಲಿ ತೇಲಿದಾಗಲೇ ಅವನಿಗೆ ಎಚ್ಚರ.

ಕಿರಣ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವವನು. ಹೆಂಗಸರ ಮುಂದೆ ಮೆಲ್ಲಗೆ ಮಾತಾಡಿ ಮಾತಾಡಿ ಅವನ ದನಿ ರೇಷ್ಮೆಯಷ್ಟು ತೆಳ್ಳಗಾಗಿತ್ತು. ಅವನ ಬೈಕೂ ಅವನಂತೆಯೇ. ತಪ್ಪದೆ ಆಯಿಲ್ಲು, ತಪ್ಪದೆ ಸರ್ವಿಸ್ಸು. ಓಡಿದರೆ ಪಕ್ಕದಲ್ಲಿ ಮಲಗಿದ ನಾಯಿಯೂ ಕಣ್ಣು ತೆರೆಯುತ್ತಿರಲಿಲ್ಲ. ಟ್ಯಾಂಕಿನ ಮೇಲೆ ಮಗಳು ಅಂಟಿಸಿದ್ದ, ಒಂದು ಕಿವಿ ಹರಿದ ಮೊಲದ ಸ್ಟಿಕ್ಕರೊಂದೇ ಅದಕ್ಕಿದ್ದ ಆಡಂಬರ. ಅದರ ಕೀಲಿಯೂ ಬೀಗವೂ ಎಷ್ಟು ಸವೆದಿದ್ದವೆಂದರೆ, ಒಮ್ಮೆ ಕೀಲಿ ಸಿಗದಿದ್ದಾಗ ಹೆಂಡತಿ ಪೂಜಾ ಕೊಟ್ಟ ಟ್ರಂಕಿನ ಕೀಲಿಗೇ ಗಾಡಿ ಸ್ಟಾರ್ಟ್ ಆಗಿತ್ತು.

"ಹರಿಹರಕ್ಕ ಹೋಗಿ ಸೈಲೆನ್ಸರ್ ಬದಲಿಸ್ಕೊಂಡು ಬರ್ತೀನಿ" ಎಂದ ಕಿರಣ, ಒಲೆಯ ಮುಂದಿದ್ದ ಪೂಜಾಳಿಗೆ.

"ಸದ್ದು ಬೇಕಂದ್ರ ಬಾಯಿಂದ ಮಾಡ್ರಿ. ಗೇಟಿನಾಗ ನಿಂತು 'ಅಂಕೀ' ಅಂತ ಕರದ್ರ ಆತಪ್ಪ."

"ಕರದಿದ್ದೆ. ಅವಳಿಗೆ ಕೇಳಿಸ್ಲಿಲ್ಲ."

ಪೂಜಾ ಒಲೆ ಆರಿಸಿದಳು. ಅಪ್ಪ ಮಗಳಿಬ್ಬರಿಗೂ ಡಬ್ಬಿಯಲ್ಲಿ ಮಂಡಕ್ಕಿ ಕಲಸಿ ಕೊಟ್ಟಳು.

ಬೀದಿಯಲ್ಲಿ ನಿಂತಿದ್ದ ಬೈಕಿಗೆ ಕೀಲಿ ಹಾಕಿ, ಹೆಲ್ಮೆಟ್ ಬಿಗಿದು, ಮಗಳನ್ನು ಮುಂದೆ ಟ್ಯಾಂಕಿನ ಮೇಲೆ ಕೂರಿಸಿಕೊಂಡ. ದಿನವೂ ಒಂದೇ ಒದೆತಕ್ಕೆ ಏಳುವ ಗಾಡಿ ಅಂದು ನಾಲ್ಕು ಒದೆ ತಿಂದಿತು.

"ನೋಡಿದ್ಯಾ ಪುಟ್ಟಿ, ಸೈಲೆನ್ಸರ್ ಕೀಳ್ತಾರೆ ಅಂತ ಗೊತ್ತಾಗಿ ಮುನಿಸ್ಕೊಂಡೈತೆ!"

ಅಂಕಿತಾ ಬೆರಳಿನಿಂದ ಟ್ಯಾಂಕನ್ನು ಸವರುತ್ತ, ಬಗ್ಗಿ ಆ ಕಡೆ ಈ ಕಡೆ ನೋಡಿದಳು. "ಅಪ್ಪಾ, ಒಂದು ಕೇಳ್ಲಾ?"

"ಹರಿಹರದಾಗ ಕೇಳುವಂತೆ" ಎಂದು ಕಿರಣ ಗೇರು ಹಾಕಿದ.

ಹರಿಹರದಲ್ಲಿ ಖಾಜಾ ಹುಸೇನರ ಗ್ಯಾರೇಜಿನ ಗೋಡೆಯ ತುಂಬ ಸೈಲೆನ್ಸರುಗಳು ಮಂಗಳವಾದ್ಯದ ಅಂಗಡಿಯಲ್ಲಿ ತೂಗುವ ನಾಗಸ್ವರಗಳಂತೆ ತೂಗಾಡುತ್ತಿದ್ದವು. ಜೀವಮಾನವೆಲ್ಲ ಇಂಜಿನ್ನಿಗೆ ಕಿವಿಯೊಡ್ಡಿದ್ದರಿಂದ ಖಾಜಾ ಅವರಿಗೆ ಲೋಕವೇ ಪಿಸುಗುಟ್ಟುತ್ತಿರುವಂತೆ ಕೇಳುತ್ತಿತ್ತು.

"ಸದ್ದು ಜಾಸ್ತಿ ಬೇಕು. ಆದ್ರ ಪಿಕಪ್ ಕಡಿಮಿ ಆಗಬಾರದು" ಎಂದ ಕಿರಣ.

"ಆಂ?"

"ಪಿಕಪ್! ಕಡಿಮಿ! ಆಗಬಾರದು!"

"ಹಂಗ ಹೇಳ್ರಿ. ಒಳಗಿನ ಜಾಲರಿ ಪೂರ್ತಿ ಕಿತ್ತರೆ ಸದ್ದು ಬರ್ತೈತೆ, ದಮ್ಮು ಹೋಗ್ತೈತೆ. ಅರ್ಧ ಬಿಟ್ರ ಎರಡೂ ಇರ್ತಾವು. ಬರ್ರಿ, ಕೂಡ್ರಿ, ಒಂದೊಂದೇ ತೋರಿಸ್ತೀನಿ."

ಕಿರಣನಿಗೆ ಬಾಳಿನಲ್ಲಿ ಮೊದಲ ಬಾರಿ ಗಿರಾಕಿಯ ಗಾದಿ ಸಿಕ್ಕಿತ್ತು. ಇಷ್ಟು ವರ್ಷ ಸೀರೆಯಂಗಡಿಯಲ್ಲಿ ಕೇಳಿದ್ದೆಲ್ಲ ತಾನಾಗಿಯೇ ಬಾಯಿಗೆ ಬಂತು. ಮೊದಲನೆಯದನ್ನು ಜೋಡಿಸಿ ಶಬ್ದ ಮಾಡಿಸಿದಾಗ, "ಇದು ಎಲ್ಲಾರ ಹತ್ರನೂ ಐತೆ, ಬ್ಯಾರೆ ತೋರಿಸ್ರಿ" ಎಂದ. ಎರಡನೆಯದಕ್ಕೆ, "ಚಲೋ ಐತೆ, ಆದ್ರ ಸ್ವಲ್ಪ ಡಲ್ ಅನಿಸ್ತು" ಎಂದ. ಮೂರನೆಯದನ್ನು ಕೈಯಲ್ಲಿ ಸವರಿ, ಬೆಳಕಿಗೆ ಹಿಡಿದು, "ಬಾರ್ಡರ್ ಇನ್ನಷ್ಟು ದೊಡ್ಡದಿಲ್ಲೇನ್ರಿ?" ಎಂದುಬಿಟ್ಟ.

ಖಾಜಾ ಹುಸೇನ್ ಅಟ್ಟದಿಂದ ಇನ್ನೊಂದನ್ನು ಇಳಿಸಿದರು. ಅವರ ಅಳತೆಗೋಲು ಪಕ್ಕದ ಚಹಾದಂಗಡಿ. ಅದನ್ನು ಜೋಡಿಸಿ ಆಕ್ಸಿಲೇಟರ್ ತಿರುವಿದಾಗ ಅಲ್ಲಿನ ಗ್ಲಾಸುಗಳೆಲ್ಲ ಗಲಗಲ ಕುಣಿದವು. ಒಂದಂತೂ ನಡೆದುಕೊಂಡೇ ಹೋಗಿ ಮೇಜಿನಿಂದ ಹಾರಿತು. ಚಹಾದವನು ಸೌಟು ಹಿಡಿದು ಹೊರಬಂದ. "ಪಾಸ್!" ಎಂದರು ಖಾಜಾ.

ಹಳೆಯ ಸೈಲೆನ್ಸರನ್ನು ಬದಲಿಗೆ ಇಟ್ಟುಕೊಂಡು, ಮತ್ತೇನಕ್ಕಾದರೂ ಇರಲೆಂದು ಅಲ್ಲೇ ಎರಡು ತುಂಡು ಮಾಡಿದರು. ಆಮೇಲೆ ಇಂಜಿನ್ನಿನಲ್ಲಿ ಬೆರಳಾಡಿಸಿ ಮೂಗಿನ ಹತ್ತಿರ ಹಿಡಿದರು. "ಆಯಿಲ್ ಕಾಡಿಗಿ ಆಗೈತಲ್ರೀ! ಯಾವ ಕಾಲದಾಗ ಹಾಕಿಸಿದ್ರಿ?"

"ಹೋದ ವಾರ!" ಎಂದ ಕಿರಣ, ಅವಮಾನವಾದವನಂತೆ.

"ಹೋದ ವರ್ಷ ಅನ್ರಿ, ನಂಬ್ತೀನಿ."

"ಅಪ್ಪಾ" ಎಂದು ಅಂಕಿತಾ ಅಂಗಿ ಜಗ್ಗಿದಳು. "ನಾ ಅದನ್ನೇ ಕೇಳಾಕ..."

"ದೊಡ್ಡವ್ರು ಮಾತಾಡುವಾಗ ಬ್ಯಾಡ ಪುಟ್ಟಿ" ಎಂದು ಕಿರಣ ಅವಳ ಬಾಯಿಗೆ ಮಂಡಕ್ಕಿ ತುಂಬಿದ.

ವಾಪಸು ಬರುವಾಗ ಸದ್ದೇನೋ ಭರ್ತಿಯಾಗಿತ್ತು. ರಸ್ತೆ ಬದಿಯ ಎಮ್ಮೆಗಳು ಮೇವು ಬಿಟ್ಟು ತಲೆಯೆತ್ತಿದವು. ಮೊಪೆಡ್ಡಿನ ಅಜ್ಜನೊಬ್ಬ ಲಾರಿ ಬಂತೆಂದು ಪೂರ್ತಿ ಕೆಳಗಿಳಿದು ದಾರಿ ಕೊಟ್ಟ. ಆದರೆ ದಾರಿ ಕೊಟ್ಟರೂ ಮುಂದೆ ಹೋಗಲು ಗಾಡಿಗೆ ದಮ್ಮಿರಬೇಕಲ್ಲ! ಸೇತುವೆಯ ಏರಿನಲ್ಲಿ ಬೈಕು ಗಂಟಲು ಹರಿಯುವಂತೆ ಕೂಗುತ್ತ ಆಮೆಯಂತೆ ತೆವಳಿತು. ಈರುಳ್ಳಿ ಮೂಟೆ ಹೇರಿಕೊಂಡ ಲಗೇಜ್ ಆಟೊ ಅವರನ್ನು ಹಿಂದಿಕ್ಕಿತು. ಅದರ ಚಾಲಕ ಕತ್ತು ಹೊರಗೆ ಹಾಕಿ, "ಅಣ್ಣಾ, ಬರೀ ಮಾತೇನೋ!" ಎಂದು ಹೋದ.

ಪಿಕಪ್ ಹೋಯಿತಲ್ಲ ಎಂದು ಕಿರಣ ಆಕ್ಸಿಲೇಟರನ್ನು ಮತ್ತೆ ಮತ್ತೆ ತಿರುವಿ ನೋಡಿದ. ಖಾಜಾ ಹುಸೇನರನ್ನು ಮನಸ್ಸಿನಲ್ಲೇ ಬೈದ. ಅಷ್ಟರಲ್ಲಿ ಊರ ಸರ್ಕಲ್ಲಿನಲ್ಲಿ ಪೊಲೀಸರು ಕಂಡರು. ಸದ್ದಿನ ಸೈಲೆನ್ಸರುಗಳನ್ನು ಕಿತ್ತು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಸುದ್ದಿ ನೆನಪಾಯಿತು. ಥಟ್ಟನೆ ಇಂಜಿನ್ ಆರಿಸಿ, ಇಳಿದು, ಮಗಳನ್ನು ಹೊತ್ತ ಬೈಕನ್ನು ಬೆವರು ಸುರಿಸುತ್ತ ದೂಡತೊಡಗಿದ.

"ಪೆಟ್ರೋಲ್ ಖಾಲಿ ಆತೇನ್ರಿ?" ಎಂದು ಪೊಲೀಸಪ್ಪ ಮರುಕದಿಂದ ಬಂದ. "ಪಾಪ, ಮಗು ಬ್ಯಾರೆ ಐತೆ." ತಾನೂ ಕೈಹಚ್ಚಿ ಬಂಕಿನವರೆಗೆ ದೂಡಿಕೊಟ್ಟ. ಅವನು ಕಣ್ಮರೆಯಾಗುವವರೆಗೆ ಕಿರಣ ಬಂಕಿನಲ್ಲಿ ಗಾಳಿ ಹಾಕಿಸಿದ, ಮತ್ತೆ ಗಾಳಿ ಬಿಟ್ಟ, ಮತ್ತೆ ಹಾಕಿಸಿದ.

ಮನೆ ತಲುಪುವಾಗ ಸಂಜೆ. ಕಿರಣ ಮಗಳನ್ನು ವಠಾರದ ಗೇಟಿನಲ್ಲಿ ಇಳಿಸಿದ. "ಇದು ಸ್ಕೂಲ್ ಗೇಟ್ ಅಂತ ತಿಳ್ಕೋ. ಆ ಕಡೆ ತಿರುಗಿ ಕಣ್ಣು ಮುಚ್ಕೋ. ನಾ ಬಂದದ್ದು ಗೊತ್ತಾಗ್ತೈತೋ ಇಲ್ಲೋ ನೋಡೋಣ."

ಬೀದಿಯ ತುದಿಗೆ ಹೋಗಿ ಆಕ್ಸಿಲೇಟರ್ ಪೂರ್ತಿ ತಿರುವಿಕೊಂಡು ಬಂದ. ಕರೆಂಟ್ ತಂತಿಯ ಮೇಲಿನ ಪಾರಿವಾಳಗಳೆಲ್ಲ ಎದ್ದವು. ಅಂಕಿತಾ ಕಿವಿ ಮುಚ್ಚಿಕೊಂಡೇ ತಿರುಗಿ ಕುಣಿದಳು. "ಗೊತ್ತಾತು! ಅಪ್ಪ ಬಂದ!"

ದಿನವಿಡೀ ಪಟ್ಟ ಪಾಡು ಆ ಒಂದು ಮಾತಿಗೆ ಕರಗಿಹೋಯಿತು. ಹೋದರೆ ಹೋಗಲಿ ಪಿಕಪ್ಪು, ಎಂದುಕೊಂಡ ಕಿರಣ.

"ಆದ್ರ ಅಪ್ಪಾ, ಈಗಾದ್ರೂ ಕೇಳ್ಲಾ..."

ಕೇಳಲು ಮರಿಯವ್ವ ಬಿಡಲಿಲ್ಲ. ಎದುರುಮನೆಯ ಆಕೆ ಚೀರುವ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಬಿರುಗಾಳಿಯಂತೆ ಬಂದಳು. "ಮಧ್ಯಾಹ್ನದಿಂದ ತೂಗಿ ತೂಗಿ ಈಗ ಮಲಗಿಸಿದ್ನಲ್ಲೋ! ತಗಾ, ನೀನೇ ಮಲಗಿಸು!" ಎಂದು ಕೂಸನ್ನು ಅವನ ಕೈಗೇ ಕೊಟ್ಟಳು. ಮಾಳಿಗೆಗಳಿಂದ ತಲೆಗಳು ಇಣುಕಿದವು. ಒಬ್ಬರ ಹಾಲು ಉಕ್ಕಿತ್ತು; ಒಬ್ಬರ ಬೆಕ್ಕು ಸಂಡಿಗೆಯ ಮೇಲೆಲ್ಲ ಓಡಿಹೋಗಿತ್ತು.

"ಏನದು ಗದ್ದಲ?"

ಎಲ್ಲರೂ ಬೆಚ್ಚಿ ತಿರುಗಿದರು. ಮಾಯಕೊಂಡದಲ್ಲಿ ತಂಗಿಯ ಮಗಳ ಸೀಮಂತ ಮುಗಿಸಿಕೊಂಡು ಮಾಲತೇಶಪ್ಪನವರು ಬೈಕಿನಲ್ಲಿ ಬಂದು ನಿಂತಿದ್ದರು. ಬಂದದ್ದು ಒಬ್ಬರಿಗೂ ಕೇಳಿಸಿರಲಿಲ್ಲ.

"ನೋಡ್ರಿ, ನಾ ಬಂದದ್ದು ಗೊತ್ತಾತೇನು ಯಾರಿಗಾದ್ರೂ?" ಎಂದರು ಇಳಿಯುತ್ತ. "ಗಾಡಿ ಇಟ್ಟರ ಹಿಂಗ ಇಡಬೇಕು. ಇವತ್ತಂತೂ ಬೆಣ್ಣಿ ಮ್ಯಾಲೆ ಜಾರಿದಂಗ ಹೋತು. ನಿಂದೇನಪ್ಪಾ ಕಿರಣ, ಗಾಡಿನೋ ಗೂಳಿನೋ? ನಾಳೆ ಬೆಳಗಾಗುವ ಹೊತ್ತಿಗೆ ಇದು ಬೀದಿಯಾಗ ಇರಬಾರದು."

ಕೂಸನ್ನು ಎತ್ತಿಕೊಂಡಿದ್ದ ಕಿರಣನಿಗೆ ಎಲ್ಲಿಂದ ಬಂತೋ ಧೈರ್ಯ. "ನನ್ನ ಗಾಡಿ! ನನ್ನ ಸದ್ದು!" ಎಂದು ಕೂಗಿದ. ಸೀರೆಯಂಗಡಿಯ ಆ ದನಿ ಇಷ್ಟು ದೊಡ್ಡದಿದೆಯೆಂದು ಬೀದಿಗೆ ಅಂದೇ ತಿಳಿದದ್ದು. ಪೂಜಾ ಅಡುಗೆಮನೆಯಿಂದ ಓಡಿಬಂದಳು.

"ಹೌದೇನು? ಇರು ಹಂಗಾದ್ರ!" ಮಾಲತೇಶಪ್ಪನವರು ಒಳಗೆ ಹೋಗಿ ನೀರಿನ ಸರಳು ಹಿಡಿದು ಬಂದರು. ಯಾರಾದರೂ ತಡೆಯುವ ಮೊದಲೇ ಸೈಲೆನ್ಸರಿಗೆ ಬಿತ್ತು ಏಟು. ಮತ್ತೊಂದು, ಮಗದೊಂದು. ಹೊಚ್ಚ ಹೊಸ ಸೈಲೆನ್ಸರ್ ತುಳಿದ ತಗಡಿನ ಡಬ್ಬಿಯಂತೆ ಮಡಚಿಕೊಂಡಿತು. ಕೈತಪ್ಪಿದ ಕೊನೆಯ ಏಟಿಗೆ ಹಿಂದಿನ ದೀಪವೂ ಪುಡಿಯಾಯಿತು.

ಕೂಸು ಕೂಡ ಅಳು ನಿಲ್ಲಿಸಿ ಬಾಯಿ ತೆರೆದು ನೋಡಿತು. ಬೆಳಗಿನಿಂದ ಮೊದಲ ಬಾರಿ ಎಲ್ಲೂ ಯಾವ ಸದ್ದೂ ಇರಲಿಲ್ಲ.

ಅಂಕಿತಾ ನಿಧಾನವಾಗಿ ನಡೆದು, ಮಾಲತೇಶಪ್ಪನವರು ಬಂದಿಳಿದ ಬೈಕಿನ ಹತ್ತಿರ ಹೋದಳು. ಅದರ ಟ್ಯಾಂಕಿನ ಮೇಲೆ ಸಂಜೆಬಿಸಿಲಿಗೆ ಮಿನುಗುತ್ತಿದ್ದ ಒಂಟಿಕಿವಿಯ ಮೊಲವನ್ನು ಅಂಗೈಯಿಂದ ಒರೆಸಿದಳು. ಆಮೇಲೆ ತಿರುಗಿ, ಇಡೀ ಬೀದಿಗೆ ಕೇಳುವಂತೆ ಕೇಳಿದಳು:

"ನಮ್ಮ ಮೊಲದ ಗಾಡಿ ಇಲ್ಲೈತಲ್ಲಪ್ಪಾ, ಮತ್ತೆ ತಾತನ ಗಾಡಿಗೆ ನಾವ್ಯಾಕ ಸದ್ದು ಹಾಕಿಸ್ಕೊಂಡು ಬಂದ್ವಿ?"