ಪೈರು ತುಳಿಯದ ಕುದುರೆ

ನಗಬಾರದ ಹೊತ್ತಿನಲ್ಲೇ ನಮ್ಮ ಮನೆಯಲ್ಲಿ ನಗುವಂಥದ್ದು ನಡೆಯುತ್ತದೆ. ಅಪ್ಪನಿಗೆ ಲಕ್ವ ಹೊಡೆದ ಮೇಲಂತೂ ಅದಕ್ಕೆ ಬಿಡುವೇ ಇರಲಿಲ್ಲ. ನೆನಪಿದ್ದಷ್ಟನ್ನು ನಡೆದ ಕ್ರಮದಲ್ಲೇ ಬರೆದಿದ್ದೇನೆ.

ಅಪ್ಪ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಸೂಪರ್‌ವೈಸರ್. ಲಾರಿಯಿಂದ ಭತ್ತ ಇಳಿದರೆ ಬಲಗೈಯಲ್ಲಿ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉಜ್ಜಿ, ಒಂದು ಕಾಳು ಕಡಿದು, ‘ಇನ್ನಾ ಹಸಿ ಐತಿ’ ಎನ್ನುತ್ತಿದ್ದ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಆ ಬಲಗೈಯೇ ಬಿದ್ದುಹೋಯಿತು. ಕಾಲು ಸರಿಹೋಯಿತು, ಮಾತು ಸರಿಹೋಯಿತು, ಕೈ ಮಾತ್ರ ಹಿಂದೆ ಉಳಿಯಿತು. ಫಿಸಿಯೋಥೆರಪಿಗೆಂದು ಅಪ್ಪ, ಅವ್ವ ಇಬ್ಬರೂ ಬಳ್ಳಾರಿಗೆ, ಪಾರ್ವತಿನಗರದ ನನ್ನ ಬಾಡಿಗೆ ಮನೆಗೆ ಬಂದರು. ನಾನು ಇಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ.

ಅಪ್ಪ ಎಡಗೈಯಲ್ಲಿ ಚಮಚ ಹಿಡಿದು, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ. ಯಾರಾದರೂ ಬಂದರೆ ತಟ್ಟೆ ಸರಿಸಿಬಿಡುತ್ತಿದ್ದ. ಎರಡು ತಿಂಗಳಲ್ಲಿ ಕುರುಗೋಡಿನಲ್ಲಿ ಸೋದರಮಾವನ ಮಗಳ ನಿಶ್ಚಿತಾರ್ಥವಿತ್ತು. ಅಪ್ಪ ಮೊದಲೇ ಹೇಳಿಬಿಟ್ಟ: ‘ಪಂಕ್ತಿಯಾಗ ಕುಂತು ಎಡಗೈಲೆ ಉಣ್ಣಾಕ ನಾ ಬರಂಗಿಲ್ಲ.’ ಅವ್ವನ ತವರಿನಲ್ಲಿ ಬಹಳ ವರ್ಷಗಳ ನಂತರದ ಶುಭಕಾರ್ಯ ಅದು.

ಬೆರಳುಗಳಿಗೆ ಕೆಲಸ ಬೇಕೆಂದು ಫಿಸಿಯೋ ಮೇಡಂ ಒಂದು ಸ್ಪಂಜಿನ ಚೆಂಡು ಕೊಟ್ಟಿದ್ದರು. ಅಪ್ಪ ಅದನ್ನು ಮೂರು ಸಲ ಒತ್ತಿ ಮಂಚದ ಕೆಳಗೆ ಉರುಳಿಸುತ್ತಿದ್ದ. ನನ್ನ ಹತ್ತಿರ ಒಂದು ವಿಡಿಯೋ ಗೇಮ್ ಇತ್ತು. ದೊಡ್ಡ ಸೀಮೆ, ಒಬ್ಬ ಕತ್ತಿವೀರ, ಒಂದು ಕುದುರೆ. ಎಲ್ಲಿಗೆ ಬೇಕಾದರೂ ಹೋಗಬಹುದು, ಯಾರನ್ನು ಬೇಕಾದರೂ ಮಾತನಾಡಿಸಬಹುದು. ಕಂಟ್ರೋಲರಿನಲ್ಲಿ ಎಡ ಹೆಬ್ಬೆರಳಿಂದ ಮುಂದೆ ಸಾಗಬೇಕು, ಬಲ ಹೆಬ್ಬೆರಳಿಂದ ಅತ್ತಿತ್ತ ನೋಡಬೇಕು, ತಿರುಗಬೇಕು. ನನಗೆ ಬೇಕಾಗಿದ್ದದ್ದು ಆ ಬಲ ಹೆಬ್ಬೆರಳು. ಕಂಟ್ರೋಲರನ್ನು ಅಪ್ಪನ ತೊಡೆಯ ಮೇಲಿಟ್ಟೆ.

೧. ಮೋಡ

ಮೊದಲ ವಾರ ಬಲ ಹೆಬ್ಬೆರಳು ಮೇಲಕ್ಕೆ ಹೋದರೆ ಅಲ್ಲೇ ಕೂಡುತ್ತಿತ್ತು. ಟಿವಿಯಲ್ಲಿ ಬರೀ ಆಕಾಶ. ವೀರ ಮೋಡ ನೋಡುತ್ತ ನಡೆದು ಮರಕ್ಕೆ ಹಾಯುತ್ತಿದ್ದ, ಹಳ್ಳಕ್ಕೆ ಬೀಳುತ್ತಿದ್ದ.

ಒಂದು ಮಧ್ಯಾಹ್ನ ಆಟದೊಳಗೆ ಮೋಡ ಕಪ್ಪಾಗಿ ಗುಡುಗಿತು. ಅಡುಗೆಮನೆಯಿಂದ ಬಂದ ಅವ್ವ ಟಿವಿಯತ್ತ ಒಮ್ಮೆ ನೋಡಿದಳು, ಸೆರಗು ಸಿಕ್ಕಿಸಿ ಮಾಳಿಗೆಗೆ ಓಡಿದಳು. ಸ್ವಲ್ಪ ಹೊತ್ತಿಗೆ, ಒಣಹಾಕಿದ್ದ ಮೆಣಸಿನಕಾಯಿಯನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬೆವರುತ್ತ ಇಳಿದು ಬಂದಳು. ಹೊರಗೆ ಬಳ್ಳಾರಿಯ ಏಪ್ರಿಲ್ ಬಿಸಿಲು.

‘ಅವ್ವಾ, ಮಳಿ ಬಂದಿದ್ದು ಟಿವಿಯಾಗ.’

‘ಮ್ಯಾಲ ಹೋದ ಕೂಡ್ಲೇ ಗೊತ್ತಾತು.’

‘ಮತ್ತ ಚೀಲ ಯಾಕ ತುಂಬಿದಿ?’

‘ಅಷ್ಟು ಮೋಡ ಕಣ್ಲೆ ನೋಡೀನಲ್ಲ. ಬಿಟ್ಟು ಬರಾಕ ಮನಸಾಗ್ಲಿಲ್ಲ.’

೨. ಬದು

ಹಳ್ಳಿಯೊಂದಕ್ಕೆ ಬೆಂಕಿ ಬಿದ್ದಿದೆ, ಓಡಿ ಬಾ ಎಂದು ಆಟದಲ್ಲಿ ಒಬ್ಬ ಬಂದು ಕೂಗಿದ. ನಡುವೆ ಒಂದು ದೊಡ್ಡ ಹೊಲವಿತ್ತು. ಅಪ್ಪ ಹೊಲದ ಅಂಚಿಗೆ ಕುದುರೆ ನಿಲ್ಲಿಸಿದ.

‘ನಡುವ ಹೋಗಪ್ಪ, ಏನೂ ಆಗಂಗಿಲ್ಲ.’

‘ನಿಂತ ಪೈರಿನ್ಯಾಗ ಕುದುರಿ ಬಿಡಂತೀಯ? ಯಾರ ಹೊಲವೋ ಏನೋ.’

ಬದು ಹಿಡಿದು ಹೊರಟ. ನೇರ ಹೋಗಿದ್ದರೆ ಎಡ ಹೆಬ್ಬೆರಳು ಸಾಕಿತ್ತು. ಬದುವಿಗೆ ಹತ್ತು ಹೆಜ್ಜೆಗೊಂದು ಮೂಲೆ, ಮೂಲೆಗೊಮ್ಮೆ ಬಲ ಹೆಬ್ಬೆರಳು. ನಾನು ಎಣಿಸಿದೆ, ಇಪ್ಪತ್ತೆರಡು ತಿರುವು. ನಡುನಡುವೆ ಅಪ್ಪ ಬೆಳೆಯನ್ನೂ ಬೈಯುತ್ತಿದ್ದ: ‘ಇಷ್ಟು ಹಣ್ಣಾದ್ರೂ ಕೊಯ್ದಿಲ್ಲ ನೋಡು. ಮಿಲ್ಲಿಗೆ ಬಂದ್ರ ಬರೀ ನುಚ್ಚು.’

ಮುಟ್ಟಲು ಅರ್ಧ ತಾಸು ಹಿಡಿಯಿತು. ಇಂಥ ಆಟಗಳಲ್ಲಿ ಆಡುವವರು ಬರುವ ತನಕ ಬೆಂಕಿ ಕಾಯುತ್ತದೆ. ಊರ ಹಿರಿಯ ಓಡಿ ಬಂದು ಇಂಗ್ಲಿಷಿನಲ್ಲಿ ಏನೋ ಹೇಳಿದ. ‘ಸರಿಯಾದ ಹೊತ್ತಿಗೆ ಬಂದಿ ಅಂತಾನಪ್ಪ’ ಎಂದೆ.

ಅಪ್ಪ ನನ್ನ ಕಡೆ ತಿರುಗಿದ. ‘ಕೇಳಿದೇನು? ನೀ ಪೈರು ತುಳಿಯಾಕ ಹೇಳ್ತಿದ್ದಿ.’

೩. ಬಾಗಿಲು

ಆ ಆಟದಲ್ಲಿ ಯಾರ ಮನೆಗಾದರೂ ನುಗ್ಗಿ ಪೆಟ್ಟಿಗೆ ತೆರೆದು ಬೇಕಾದದ್ದನ್ನು ಒಯ್ಯಬಹುದು. ಆಡುವವರೆಲ್ಲ ಒಯ್ಯುತ್ತಾರೆ, ನಾನೂ ಒಯ್ದಿದ್ದೇನೆ. ಅಪ್ಪ ಹೊಸ್ತಿಲಲ್ಲೇ ನಿಂತ. ಒಳಗಿನವರು ಬಾ ಎನ್ನಲಿಲ್ಲ. ಅಪ್ಪ ಗಂಟಲು ಸರಿಮಾಡಿಕೊಂಡು, ಮಿಲ್ಲಿನಲ್ಲಿ ಕೂಗುವ ಹಾಗೆ ಕೂಗಿದ: ‘ಯಾರ್ ಅದೀರಿ ಮನಿಯಾಗ?’

‘ನಾ ಅದೀನ್ರಿ! ಬಂದೆ, ಬಂದೆ!’

ಉತ್ತರ ಬಂದದ್ದು ಪಕ್ಕದ ಮನೆಯಿಂದ. ಅಲ್ಲಿನ ನಿವೃತ್ತ ಗುಮಾಸ್ತರು ಚಪ್ಪಲಿ ಸಹ ಹಾಕಿಕೊಳ್ಳದೆ ಓಡಿ ಬಂದರು. ಬಳ್ಳಾರಿಗೆ ಬಂದಾಗಿನಿಂದ ಅಪ್ಪ ಅವರ ಜೊತೆ ಒಂದು ಮಾತೂ ಆಡಿರಲಿಲ್ಲ. ಈಗ ಕೂಡಿಸಿ ಚಹಾ ಕೊಡಲೇಬೇಕಾಯಿತು. ಅಪ್ಪ ಬಲಗೈಯನ್ನು ಟವೆಲಿನ ಕೆಳಗೆ ಸರಿಸಿಕೊಂಡು, ತನ್ನ ಚಹಾ ಆರಲು ಬಿಟ್ಟ. ಗುಮಾಸ್ತರು ಅದನ್ನು ನೋಡಿದರು, ನೋಡದವರಂತೆ ಟಿವಿಯತ್ತ ತಿರುಗಿದರು.

‘ಮತ್ತ ಯಾಕ ಕರದ್ರಿ?’

ಅಪ್ಪ ಟಿವಿಯ ಬಾಗಿಲು ತೋರಿಸಿ ವಿಷಯ ಹೇಳಿದ. ಗುಮಾಸ್ತರು ಬಾಗಿಲನ್ನು ಬಹಳ ಹೊತ್ತು ಪರೀಕ್ಷಿಸಿದರು.

‘ಕರದ್ರೂ ಮಾತಾಡವಲ್ರು ಅಂದ್ರ ಬಾಡಿಗಿ ಮಂದಿ ಇರ್ಬೇಕ್ರಿ.’

೪. ತಪಾಸಣೆ

ಮುಂದಿನ ಭೇಟಿಯಲ್ಲಿ ಫಿಸಿಯೋ ಮೇಡಂ ಅಪ್ಪನ ಕೈ ಹಿಡಿದು ನೋಡಿದರು. ಹೆಬ್ಬೆರಳು ತೋರುಬೆರಳನ್ನು ಮುಟ್ಟಿತು, ನಡುಬೆರಳನ್ನೂ ಮುಟ್ಟಿತು. ಅವರಿಗೆ ಆಶ್ಚರ್ಯ. ನಾನು ಚೀಟಿ ಮಾಡಿಸಲು ಹೊರಗಿದ್ದೆ.

‘ಮನೇಲಿ ಏನೇನು ಮಾಡಿದ್ರಿ ಯಜಮಾನ್ರೆ?’

‘ಮುಂಜಾನಿ ಎರಡು ತಾಸು ಕುದುರಿ ಹತ್ತಿದ್ದೆ. ಆಮ್ಯಾಲ ಹೊಳಿ ಈಜಿದೆ.’

ಮೇಡಂ ಪೆನ್ನು ಕೆಳಗಿಟ್ಟರಂತೆ. ಮೆಲ್ಲಗೆ ಕೇಳಿದರಂತೆ: ‘ಇವತ್ತು ಯಾವ ವಾರ?’

‘ಗುರುವಾರ.’

‘ನೀವೀಗ ಎಲ್ಲಿದ್ದೀರಿ, ಹೇಳಿ ನೋಡೋಣ.’

‘ನಾನಾ? ಸೇತುವಿ ದಾಟಿ, ಪಾಳುಬಿದ್ದ ಕ್ವಾಟಿ ಬಾಗ್ಲಾಗ ಅದೀನಿ. ಇಲ್ಲಿಗೆ ಹೊತ್ತಾತಂತ ಅಲ್ಲೇ ನಿಲ್ಲಿಸಿ ಬಂದೆ.’

ನಾನು ಒಳಗೆ ಹೋಗುವಷ್ಟರಲ್ಲಿ, ತಲೆಯ ಸ್ಕ್ಯಾನ್ ಆಗಬೇಕು ಎಂದು ಮೇಡಂ ಡಾಕ್ಟರಿಗೆ ಬರೆದಾಗಿತ್ತು.

೫. ಮಾಮ

ಕುರುಗೋಡಿನ ಮಾಮ ಹೈಸ್ಕೂಲ್ ಮಾಸ್ತರ. ನಿಶ್ಚಿತಾರ್ಥಕ್ಕೆ ಕರೆಯಲು ಬಂದವನು ಅಪ್ಪನ ಕೈಯಲ್ಲಿ ಕಂಟ್ರೋಲರ್ ಕಂಡು ನನ್ನ ಮೇಲೆ ಹರಿಹಾಯ್ದ. ‘ಸಾಲಿ ಹುಡುಗ್ರಿಗೆ ಇದನ್ನ ಬಿಡಿಸಾಕ ನಾ ಸಾಯಾಕತ್ತೀನಿ. ನೀ ಅಪ್ಪಗ ಕಲಿಸೀಯಲ್ಲ!’

ಅಪ್ಪ ಬರುವುದಿಲ್ಲವೆಂದು ಮತ್ತೆ ಹೇಳಿದ. ಮಾಮನಿಗೆ ಕಾರಣ ಗೊತ್ತಿತ್ತು. ಸುಮ್ಮನೆ ಕೂಡಲಾರದೆ, ‘ಏನೈತಿ ಅದ್ರಾಗ, ಕೊಡ್ರಿ ಇಲ್ಲಿ’ ಎಂದು ಕಂಟ್ರೋಲರ್ ತೆಗೆದುಕೊಂಡ. ಕುದುರೆಯನ್ನು ಸೀದಾ ಹೊಲದ ನಡುವೆ ನುಗ್ಗಿಸಿದ.

‘ಏ ಮಾಸ್ತರ! ಪೈರು!’ ಅಪ್ಪ ಬಾಗಿ ಅದನ್ನು ಕಸಿದುಕೊಂಡ.

ಕಸಿದುಕೊಂಡದ್ದು ಬಲಗೈ. ಅವ್ವ ಬಾಯಿಗೆ ಸೆರಗು ಹಿಡಿದಳು. ನನಗೆ ನಗುವೂ ಬಂತು, ಕಣ್ಣೂ ಮಂಜಾಯಿತು. ಮಾಮ ಒಬ್ಬೊಬ್ಬರ ಮುಖವನ್ನೂ ನೋಡಿದ.

‘ಕರಿಯಾಕ ಬಂದವ್ನ ಕೈಯಾಗಿಂದು ಕಸ್ಕೊಂಡ್ರು. ಮನಿಮಂದಿ ಎಲ್ಲ ಖುಷಿ ಪಡಾಕತ್ತೀರಲ್ರೀ!’

೬. ಎಲೆ

ಮರುದಿನದಿಂದ ಅಪ್ಪ ಚಮಚ ಕೇಳಲಿಲ್ಲ. ಗೋಡೆಯ ಕಡೆ ಮುಖ ಹಾಗೇ ಇತ್ತು. ನಿಶ್ಚಿತಾರ್ಥದ ದಿನ ಬೆಳಿಗ್ಗೆ ಅವ್ವನಿಗೆ, ‘ಬಿಳಿ ಅಂಗಿ ಎಲ್ಲೈತಿ?’ ಎಂದ. ಕುರುಗೋಡಿನ ಬಸ್ಸಿನಲ್ಲಿ ಯಾರೂ ಊಟದ ಮಾತು ಎತ್ತಲಿಲ್ಲ.

ಪಂಕ್ತಿಯ ಕೊನೆಗೆ ಅಪ್ಪ, ಪಕ್ಕದಲ್ಲಿ ನಾನು. ಅನ್ನ ಬಂತು, ಸಾರು ಬಂತು. ಅಪ್ಪನ ಬೆರಳುಗಳು ಅನ್ನದಲ್ಲಿ ಬಹಳ ಹೊತ್ತು ಆಡಿದವು. ಮೊದಲ ತುತ್ತಿನಲ್ಲಿ ಅರ್ಧ ಎಲೆಗೇ ಬಿತ್ತು, ಅರ್ಧ ಬಾಯಿ ಸೇರಿತು. ಎದುರಿಗೆ ತುಪ್ಪ ಬಡಿಸುತ್ತಿದ್ದ ಅವ್ವ ಮಿಳ್ಳಿ ಹಿಡಿದು ನಿಂತೇಬಿಟ್ಟಳು. ನೋಡಿದರೆ ನಿಲ್ಲಿಸಿಬಿಡುತ್ತಾನೆಂದು ನಾನು ತಲೆ ಎತ್ತಲಿಲ್ಲ. ಎರಡನೇ ತುತ್ತು ಪೂರ್ತಿ ಹೋಯಿತು.

ಆಮೇಲೆ ಹೋಳಿಗೆ ಬಂತು. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ, ಒಂದೇ ಹೋಳಿಗೆ ಎಂದು ಅವ್ವ ಮಾತು ತೆಗೆದುಕೊಂಡಿದ್ದಳು. ನಮ್ಮಲ್ಲಿ ಬೇಡವೆಂದರೆ ಬಲಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿಯಬೇಕು, ಬಾಯಿಮಾತನ್ನು ಬಡಿಸುವವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪ್ಪನ ಕೈ ಅನ್ನ ಬಿಟ್ಟು, ಮೇಲೆದ್ದು, ಬೆರಳು ಬಿಚ್ಚಿ, ಎಲೆಗೆ ಅಡ್ಡ ಬರುವಷ್ಟರಲ್ಲಿ ಎರಡನೇ ಹೋಳಿಗೆ ಬಿದ್ದಾಗಿತ್ತು. ಬಡಿಸುವವರು ಮತ್ತೊಂದು ಸುತ್ತು ಬಂದರು. ಕೈ ಮತ್ತೆ ಹೊರಟಿತು, ಮತ್ತೆ ತಡವಾಯಿತು. ಹೀಗೆ ನಾಲ್ಕಾದವು. ಎಲೆಯಲ್ಲಿ ಬಿಡಬಾರದೆಂದು ಅಪ್ಪ ನಾಲ್ಕನ್ನೂ ಮುಗಿಸಿದ.

ಕೈ ತೊಳೆಯುವಲ್ಲಿ ಅವ್ವ ಹಿಡಿದಳು. ಕಣ್ಣು ಒದ್ದೆ, ದನಿ ಬಿರುಸು. ‘ಒಂದ ಅಂದಿದ್ರಿ!’

‘ನಾ ಏನ್ ಮಾಡ್ಲೆ? ಕೈ ಮುಟ್ಟೂದ್ರಾಗ ಹಾಕಿಬಿಡ್ತಾರ.’

‘ಬಾಯಿ ಚೊಲೋ ಐತಲ್ರಿ. ಬಾಯಿಲೆ ಬ್ಯಾಡ ಅನ್ನಾಕ ಏನಾಗಿತ್ತು?’

ಅಪ್ಪ ಬಲಗೈಯನ್ನು ನಿಧಾನವಾಗಿ ಒರೆಸಿಕೊಂಡ.

‘ಹೆಂಗ ಅನ್ಲಿ? ಬಾಯಾಗ ಹೋಳಿಗಿ ಇತ್ತಲ್ಲ.’