ಸಂಶೋಧಕನಿಗೆ ಜೋಡಿ ಹುಡುಕಿದ್ದು

ದಾವಣಗೆರೆಯ ನಮ್ಮ ಕಾಲೇಜಿಗೆ ಹೊಸದಾಗಿ ಸೇರಿದ ಸಂಶೋಧನಾ ಸಹಾಯಕರಿಗೆ ಒಬ್ಬೊಬ್ಬ ಹಿರಿಯ ಮಾರ್ಗದರ್ಶಕರನ್ನು ಗೊತ್ತುಮಾಡುವ ಘನಕಾರ್ಯವನ್ನು ಪ್ರಿನ್ಸಿಪಾಲರು ನನಗೊಪ್ಪಿಸಿದಾಗ, ನಾನು ಒಂಚೂರೂ ಅಳುಕಲಿಲ್ಲ.

"ಮನುಷ್ಯರ ಸ್ವಭಾವ ಅಳೆಯೋದ್ರಲ್ಲಿ ನಾನು ಪಳಗಿದ ಕೈ!" ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ.

"ಹೋದ ವರ್ಷ ಬಾಡಿಗೆದಾರನ್ನ ಅಳೆದಿದ್ರಲ್ಲ, ಹಂಗಾ? ನಲ್ಲಿ ಸಮೇತ ಬಿಚ್ಕೊಂಡು ಹೋದ!" ಎಂದಳು.

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹರಿಹರದ ಮಂಜುನಾಥ ಬಾಯಿ ಬಿಡದ ಹುಡುಗ. ಏನು ಕೇಳಿದರೂ ತಲೆಯಾಡಿಸುವುದಷ್ಟೇ. ಸಸ್ಯಶಾಸ್ತ್ರದ ಶಾರದಮ್ಮನವರು ಬಾಯಿ ಮುಚ್ಚದ ಪ್ರಾಧ್ಯಾಪಕಿ. ಒಬ್ಬರು ಹೇಳಬೇಕು, ಒಬ್ಬರು ಕೇಳಬೇಕು. ಇದಕ್ಕಿಂತ ಒಳ್ಳೆಯ ಜೋಡಿ ಉಂಟೆ? ಸೇರಿಸಿಬಿಟ್ಟೆ!

ವಾರ ತುಂಬುವುದರೊಳಗೆ ಹುಡುಗ ನಾಪತ್ತೆ.

"ನಾನೇನ್ ಹುಲಿನಾ ಸಾರ್? ಹೇಳ್ದೆ ಕೇಳ್ದೆ ಓಡಿ ಹೋದ!" ಎಂದು ಶಾರದಮ್ಮ ಕಣ್ಣೊರೆಸಿಕೊಂಡರು.

"ನೀವೇ ಹೋಗಿ ಕರ್ಕೊಂಡ್ ಬರ್ರಿ. ಇಲ್ಲಾಂದ್ರೆ ಅವನ ಕೆಲಸ ಹೋಗುತ್ತೆ" ಎಂದರು ಪ್ರಿನ್ಸಿಪಾಲರು.

ಹರಿಹರದ ಬಸ್ಸು ಹತ್ತಿದೆ. ಬಾಗಿಲು ತೆಗೆದವರು ಮಂಜುನಾಥನ ತಾಯಿ. ಅವರು ಗಾಬರಿಯಾಗಬಾರದಲ್ಲ? ಜಾಣತನದಿಂದ, "ನಿಮ್ಮ ಹುಡುಗನ ಜೋಡಿ ವಿಚಾರ ಮಾತಾಡೋಣ ಅಂತ ಬಂದೆ" ಎಂದೆ.

ಆಕೆಯ ಮುಖ ಅರಳಿತು. "ಒಳಗೆ ಬರ್ರಿ, ಕೂಡ್ರಿ!" ಖಾರ ಮಂಡಕ್ಕಿ ಬಂತು, ಮಿರ್ಚಿಯೂ ಬಂತು.

"ಏನ್ ಓದ್ಯಾರ್ರಿ?"

"ಪಿಎಚ್.ಡಿ. ಆಗೈತ್ರಿ."

"ಅಬ್ಬಾ! ನಮ್ಮುಡುಗನ್ ಜೊತಿ ಹೊಂದ್ಕೊಂತಾರಾ?"

"ಮಾತು ಸ್ವಲ್ಪ ಜಾಸ್ತಿ. ಮನಸ್ಸು ಮಾತ್ರ ಬಂಗಾರ."

"ಇರ್ಲಿ ಬಿಡ್ರಿ. ವಯಸ್ಸು?"

"ಐವತ್ತಾರು. ಮೊಮ್ಮಕ್ಕಳೂ ಅದಾರೆ. ಅನುಭವ ಭಾಳ!"

ಆಕೆ ನನ್ನ ಕೈಯಲ್ಲಿದ್ದ ತಟ್ಟೆಯನ್ನೇ ಕಿತ್ತುಕೊಂಡರು!

"ನಾಚ್ಕಿ ಆಗಲ್ವೇನ್ರಿ? ನನಗಿಂತ ದೊಡ್ಡಾಕಿನ್ನ ನಾನು ಸೊಸಿ ಮಾಡ್ಕೊಬೇಕಾ?"

ಗದ್ದಲಕ್ಕೆ ಮಂಜುನಾಥ ಕೆನ್ನೆಗೆ ಕೈಯೊತ್ತಿಕೊಂಡು ಹೊರಗೆ ಬಂದ.

"ಅವ್ವಾ, ಸುಮ್ಕಿರು! ಅವ್ರು ಹೇಳ್ತಿರೋದು ನನ್ ಗೈಡ್ ವಿಚಾರ. ಸಾರ್, ದವಡೆ ಹಲ್ಲು ಕೀಳಿಸ್ಕೊಂಡೆ. ನೋವಿಗೆ ಬಾಯೇ ಬಿಡಕ್ಕಾಗ್ತಿರ್ಲಿಲ್ಲ."

"ಶಾರದಮ್ಮನವ್ರಿಗೆ ಯಾಕ ಹೇಳ್ಲಿಲ್ಲಪ್ಪಾ?"

"ಹೇಳಕ್ ಹೋದೆ ಸಾರ್. ಅವ್ರು ಬಿಟ್ರೆ ತಾನೇ?"

ನಾನು ಅಳೆದು ತೂಗಿ ಮೆಚ್ಚಿದ ಮೌನ ಬರೀ ಹಲ್ಲುನೋವು!

ಗಾಯ ಮಾಯ್ದ ಮೇಲೆ ಮಂಜುನಾಥ ಮರಳಿ ಬಂದ. ಬಾಯಿಯೂ ಬಂತು. ಈಗ ಪ್ರಯೋಗಾಲಯದಲ್ಲಿ ಇಬ್ಬರೂ ಒಟ್ಟಿಗೇ ಮಾತಾಡುತ್ತಾರೆ, ಕೇಳುವವರು ಯಾರೂ ಇಲ್ಲ. ಪ್ರಯೋಗಕ್ಕೆಂದು ಒಲೆಯ ಮೇಲಿಟ್ಟ ಬೇರಿನ ಕಷಾಯ ಸೀದು, ವರಾಂಡದ ತುಂಬ ಹೊಗೆ!

ಪ್ರಿನ್ಸಿಪಾಲರು ಕೆಮ್ಮುತ್ತಲೇ ಒಂದು ಆದೇಶ ಹೊರಡಿಸಿದರು. ಅದರ ಪ್ರಕಾರ ಈಗ ನನಗೂ ಒಬ್ಬ ಮಾರ್ಗದರ್ಶಕ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿಯಾಗಿದ್ದವನು!